ಹೊಳಿ ಇಳಿದರೂ ಇಳಿಯದ ಬ್ಯಾನಿ

ಕಾಕಾ: ನೀ ಮನೋವಿಜ್ಞಾನಿ ಆಗಿ ದವಾಖಾನ್ಯಾಗ ಬ್ಯಾನಿ ಇದ್ದವರ ಕೂಡ ಕುಂತು ಬರೇ ಮಾತಾಡ್ತೀ ಅಂತ ನಿಮ್ಮಪ್ಪ ಹೇಳ್ದ. ಗುಳಗಿ ಬರಕೊಡೂದಿಲ್ಲ, ಸೂಜಿ ಮಾಡೂದಿಲ್ಲ. ಮಾತಿಗೆ ಟೊಂಕಬ್ಯಾನಿ ಹ್ಯಾಂಗ ಬಗ್ಗತೈತಿ, ತಂಗಿ?

ಮಗಳು: ಅದನ್ನ ಹೇಳ್ತೀನ್ರಿ ಕಾಕಾ. ಅದಕ್ಕಿಂತ ಮೊದಲ ಬ್ಯಾನಿ ಎಂದ ಸುರು ಆತು, ಹ್ಯಾಂಗ ಸುರು ಆತು, ನಿಮ್ಮ ಬಾಯಿಲೆ ಹೇಳ್ರಿ.

ಕಾಕಾ: ಅದು ನಮ್ಮ ಕೊಣ್ಣೂರಿಗೆಲ್ಲಾ ಗೊತ್ತಿದ್ದ ಮಾತು. 2019ರ ಆಗಸ್ಟ್ ತಿಂಗಳ, ಹೊಳಿ ಬಂದಾಗ. ಮ್ಯಾಲ ಮಳಿ ನಿಲ್ಲವಲ್ದು, ಹಿಡಕಲ್ ಡ್ಯಾಮಿನಿಂದ ನೀರು ಬಿಡಾಕತ್ತಿದ್ರು, ಲೋಳಸೂರ ಸೇತುವಿ ಮುಳಗಿತ್ತು, ಗೋಕಾಕದ ಪ್ಯಾಟ್ಯಾಗ ನೀರು ನಿಂತಿತ್ತು. ನಮ್ಮ ಹಿತ್ತಲಕ್ಕ ನೀರು ಬಂದದ್ದು ಕಂಡು ರಾತ್ರೋರಾತ್ರಿ ಜ್ವಾಳದ ಚೀಲ ಮಾಳಗಿಗೆ ಏರಿಸಿದೆ. ಕಡೀ ಚೀಲ ಹೆಗಲಿಗೆ ಹಾಕೂಮುಂದ ಟೊಂಕದಾಗ ಚಳಕ್ ಅಂತು. ಅಲ್ಲೇ ಕುಂತುಬಿಟ್ಟೆ. ಹೊಳಿ ಇಳೀತು, ಬ್ಯಾನಿ ಇಳೀಲಿಲ್ಲ. ಹೊಲದಾಗಿನ ಕಬ್ಬು ಕೊಳತು ಹೋದದ್ದು ಬ್ಯಾರೇನ.

ಮಗಳು: ಡಾಕ್ಟರು ಏನಂದ್ರು?

ಕಾಕಾ: ಬೆಳಗಾವಿಗಿ ಹೋಗಿ ಎಂಆರ್‌ಐ ಮಾಡಿಸಿದ್ವಿ. ಬೆನ್ನಿನ ಮಣಿ ಸವದಾವ, ಗ್ಯಾಪ್ ಬಂದೈತಿ ಅಂದ್ರು. ಆಪರೇಶನ್ ಬೇಕಾಗಿಲ್ಲ ಅಂದ್ರು. ಒಬ್ರು ಬಗ್ಗಬ್ಯಾಡ ಅಂದ್ರು, ಇನ್ನೊಬ್ರು ಭಾರ ಎತ್ತಬ್ಯಾಡ ಅಂದ್ರು. ರೈತ ಬಗ್ಗಲಾರದ ಏನು ಮಾಡಬೇಕು? ಆ ಚಿತ್ರ ಇನ್ನೂ ಕಪಾಟಿನ್ಯಾಗ ಐತಿ. ಒಮ್ಮೊಮ್ಮೆ ತಗದು ಬೆಳಕಿಗೆ ಹಿಡದು ನೋಡ್ತೀನಿ.

ಮಗಳು: ಈಗ ಕೆಲವೊಂದು ಕೇಳ್ತೀನಿ, ಸಂಕೋಚ ಪಡಬ್ಯಾಡ್ರಿ. ಕಾಲಾಗಿನ ಬಲ ಕಡಿಮಿ ಆಗಿ ಚಪ್ಪಲಿ ಜಾರಿ ಬೀಳೂದು, ಹೆಜ್ಜಿ ಎಳಿಯೂದು ಐತೇನ್ರಿ? ಉಚ್ಚಿ, ಸಂಡಾಸ ಹಿಡಕೊಳ್ಳಾಕ ಆಗವಲ್ದೇನು? ತೊಡಿ ಸಂದ್ಯಾಗ ಜೋಮು? ಜ್ವರ ಬರೂದು, ತೂಕ ತಾನಾಗೇ ಇಳಿಯೂದು, ಯಾವ ಮಗ್ಗಲಕ್ಕ ಹೊರಳಿದ್ರೂ ಬಿಡಲಾರದಂಥ ರಾತ್ರಿ ಬ್ಯಾನಿ?

ಕಾಕಾ: ಅವ್ಯಾವೂ ಇಲ್ಲ. ಕಾಲು ಗಟ್ಟಿ ಅದಾವ.

ಮಗಳು: ಇದ್ದಿದ್ರ ನಾ ಮಾತಿಗೇ ಕೂಡತಿದ್ದಿಲ್ಲ. ಇವತ್ತ ಗಾಡಿ ಮಾಡಿ ದೊಡ್ಡ ದವಾಖಾನಿಗಿ ಕಳಸತಿದ್ದೆ. ನಾವು ಮಾಡೂ ಚಿಕಿತ್ಸಾ ಈ ಪರೀಕ್ಷಾ ಎಲ್ಲಾ ಮುಗದ ಮ್ಯಾಲಿಂದು.

ಕಾಕಾ: ಅಂದ್ರ ನನಗ ಏನೂ ಆಗಿಲ್ಲ ಅಂದಂಗಾತು. ಇದೆಲ್ಲಾ ನನ್ನ ಮನಸಿನ ಆಟ. ಟೊಂಕ ಹಿಡಕೊಂಡು ಸೋಗ ಹಾಕಾಕತ್ತೀನಿ ಅಂತೀ.

ಮಗಳು: ಹಂಗ ಅನ್ನೂದಿಲ್ರಿ. ನಿಮ್ಮ ಬ್ಯಾನಿ ಖರೇ. ಚೀಲ ಎತ್ತಿದ ರಾತ್ರಿ ಎಷ್ಟು ಖರೇ ಇತ್ತೋ ಇವತ್ತೂ ಅಷ್ಟ ಖರೇ. ನೋವಿನ ಮ್ಯಾಲ ಅಭ್ಯಾಸ ಮಾಡೂ ಜಗತ್ತಿನ ತಜ್ಞರ ಸಂಘ 1979ರಾಗ ನೋವು ಅಂದ್ರ ಏನು ಅಂತ ಒಂದು ವ್ಯಾಖ್ಯೆ ಬರದು, 2020ರಾಗ ಅದನ್ನ ತಿದ್ದಿತು. ಅದರ ಪ್ರಕಾರ ನೋವು ಅನ್ನೂದು ಮೈಯಿಗೆ ತಟ್ಟೂ ಅನುಭವನೂ ಹೌದು, ಮನಸಿಗೆ ತಟ್ಟೂ ಅನುಭವನೂ ಹೌದು. ಎರಡನ್ನ ಕೊಯ್ದು ಬ್ಯಾರೆ ಮಾಡಾಕ ಬರೂದಿಲ್ಲ. ಅದರ ಕೂಡ ಇನ್ನೊಂದು ಮಾತು ಸೇರಿಸ್ಯಾರ: ಮನಶ್ಯಾ ನನಗ ನೋವೈತಿ ಅಂದ್ರ ಆ ಮಾತಿಗೆ ಮರ್ಯಾದಿ ಕೊಡಬೇಕು. ನನ್ನ ಕೆಲಸ ಸುರು ಆಗೂದು ಅಲ್ಲಿಂದನ.

ಕಾಕಾ: ಹಂಗಾರ ಆ ಗ್ಯಾಪಿನ ಮಾತು? ಮಣಿ ಸವದದ್ದು ಚಿತ್ರದಾಗ ಕಾಣತೈತಿ.

ಮಗಳು: ಕಾಣತೈತಿ. ಆದ್ರ ಯಾರ ಬೆನ್ನಾಗ ಕಾಣೂದಿಲ್ಲ ಕೇಳ್ರಿ. 2015ರಾಗ ಕೆಲವು ಡಾಕ್ಟರು ಹಳೇ ಅಭ್ಯಾಸಗಳನ್ನೆಲ್ಲಾ ಒಟ್ಟು ಮಾಡಿ, ಬೆನ್ನುಬ್ಯಾನಿ ಇಲ್ಲಾರದ 3,110 ಮಂದಿಯ ಸ್ಕ್ಯಾನ್ ವರದಿ ನೋಡಿದ್ರು. ಬ್ಯಾನಿ ಇಲ್ಲಾರದವರು, ನೆನಪಿಡ್ರಿ. ಇಪ್ಪತ್ತು ವರ್ಷದ ಹುಡುಗರಾಗನ ನೂರಕ್ಕ 37 ಮಂದಿಗೆ ಮಣಿ ನಡುವಿನ ಗಾದಿ ಸವದಿತ್ತು. ಎಂಬತ್ತು ವರ್ಷದವರಾಗ ನೂರಕ್ಕ 96 ಮಂದಿಗೆ. ತಲಿಗೂದಲಾ ಬೆಳ್ಳಗ ಆದಂಗ ಅದೂ ವಯಸ್ಸಿನ ಗುರುತು. ನಿಮ್ಮ ಚಿತ್ರ ಸುಳ್ಳಲ್ಲ, ಆದ್ರ ನಿಮ್ಮ ಬ್ಯಾನಿಯ ಪೂರ್ತಿ ಕತಿ ಅದರಾಗಿಲ್ಲ. ಅದನ್ನ ದೀಪಕ್ಕ ಹಿಡದು ನೋಡಿದಾಗೆಲ್ಲಾ ನಿಮಗ ಏನನಸತೈತಿ?

ಕಾಕಾ: ಒಂದಿನ ಮಣಿ ಸರದು ಹಾಸಗಿ ಹಿಡೀತೀನಿ ಅನಸತೈತಿ. ನಮ್ಮ ಓಣ್ಯಾಗ ಒಬ್ಬಾಂವ ಹಂಗ ಮಲಗಿದಾಂವ ಏಳಲಿಲ್ಲ.

ಮಗಳು: ಆ ಅಂಜಿಕಿನ ನಾವು ಮೊದಲ ಹಿಡಿಯೂದು. ನೋಡ್ರಿ, ಸಾಮಾನ್ಯವಾಗಿ ಸ್ನಾಯು, ನಾರು ಹರದದ್ದು ಮೂರು ತಿಂಗಳಾಗ ಕೂಡಿಕೊಳ್ಳತೈತಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯೊಳಗ ಮೂರು ತಿಂಗಳ ದಾಟಿದ ನೋವಿಗೆ ದೀರ್ಘಕಾಲದ ನೋವು ಅಂತ ಬ್ಯಾರೆ ಜಾಗಾನ ಕೊಟ್ಟಾರ. ಗಾಯ ಮಾದ ಮ್ಯಾಲೂ ಬೆನ್ನಹುರಿ, ಮಿದುಳು ಕೂಡಿ ಆ ಜಾಗಾ ಕಾಯಾಕ ಕಲತುಬಿಡತಾವ. ಸಣ್ಣ ಸುದ್ದಿ ಬಂದ್ರೂ ದೊಡ್ಡ ಕೂಗು ಹಾಕತಾವ. ಇದನ್ನ ಚಲೋ ತಿಳಿಸಿದವರು ಮೆಲ್ಝಾಕ್ ಅನ್ನೂ ಮನೋವಿಜ್ಞಾನಿ ಮತ್ತ ವಾಲ್ ಅನ್ನೂ ಶರೀರವಿಜ್ಞಾನಿ, 1965ರಾಗ. ಬೆನ್ನಹುರಿಯೊಳಗ ಒಂದು ಗೇಟ್ ಐತಿ ಅಂದ್ರು ಅವರು. ನಿಮಗ ಕೆನಾಲಿನ ಗೇಟ್ ಗೊತ್ತೈತಲ್ಲ, ಧೂಪದಾಳದಿಂದ ಬರೂ ನೀರು ಹೊಲಕ್ಕ ಎಷ್ಟು ಹರೀಬೇಕು ಅನ್ನೂದು ಹೊಳ್ಯಾಗಿನ ನೀರಿನ ಮ್ಯಾಲ ಅಷ್ಟ ಇಲ್ಲ, ಗೇಟ್ ಎಷ್ಟು ಎತ್ಯಾರ ಅನ್ನೂದರ ಮ್ಯಾಲೂ ಐತಿ. ಹಂಗ, ಟೊಂಕದಿಂದ ಹೊಂಟ ಸುದ್ದಿ ಮಿದುಳಿಗೆ ಎಷ್ಟು ಮುಟ್ಟಬೇಕು ಅನ್ನೂದನ್ನ ಆ ಗೇಟ್ ನಿರ್ಧಾರ ಮಾಡತೈತಿ. ಅಂಜಿಕಿ, ನಿದ್ದಿಗೇಡು, ಸಿಟ್ಟು, ಯಾವಾಗಲೂ ಬ್ಯಾನಿ ಕಡೇನ ಲಕ್ಷ್ಯ ಇಡೂದು, ಇವೆಲ್ಲಾ ಗೇಟ್ ಎತ್ತತಾವ. ಧೈರ್ಯ, ಮೈ ಸಡಲ ಬಿಡೂದು, ಮನಸಿಗೆ ಹಿಡಿಸಿದ ಕೆಲಸ, ಇವು ಇಳಸತಾವ.

ಕಾಕಾ: ಇದು ಒಪ್ಪೂ ಮಾತು. ಹ್ವಾದ ವರ್ಷ ಮೂಡಲಗಿ ಕಡೆ ಪಾರಿಜಾತದ ಆಟ ಇತ್ತು. ಕುಲಗೋಡ ತಮ್ಮಣ್ಣನ ಸೀಮಿ ಅದು, ಕೌಜಲಗಿ ನಿಂಗಮ್ಮನ ಹೆಸರು ನಮ್ಮಪ್ಪ ದಿನಾ ತಗೀತಿದ್ದ. ಒತ್ತಾಯ ಮಾಡಿ ಕರಕೊಂಡು ಹ್ವಾದ್ರು. ಭಾಳ ಹೊತ್ತು ನೆಲದ ಮ್ಯಾಲ ಕುಂತಿದ್ದೆ, ಬ್ಯಾನಿ ನೆನಪ ಆಗಲಿಲ್ಲ. ಮನಿಗಿ ಬಂದ ಮ್ಯಾಲ ನಿಮ್ಮ ಚಿಗವ್ವ, ಅಲ್ಲಿ ಕುಂದರಾಕ ಬರತೈತಿ, ಇಲ್ಲಿ ಬರೂದಿಲ್ಲೇನು ಅಂದ್ಲು. ನನಗ ಭಾಳ ಹತ್ತಿತು ಆ ಮಾತು. ಅದಕ್ಕ ಹೋಗೂದ ಬಿಟ್ಟೆ.

ಮಗಳು: ಆಟ ಬಿಟ್ಟದ್ದು ದೊಡ್ಡ ನಷ್ಟ ಕಾಕಾ. ಆ ರಾತ್ರಿ ಬ್ಯಾನಿ ಕಡಿಮಿ ಆದದ್ದು ನಿಮ್ಮ ಬ್ಯಾನಿ ಸುಳ್ಳು ಅನ್ನೂದಕ್ಕ ಸಾಕ್ಷಿ ಅಲ್ಲ. ಗೇಟ್ ಇಳದಿತ್ತು ಅನ್ನೂದಕ್ಕ ಸಾಕ್ಷಿ. ಎರಡನೇ ಮಹಾಯುದ್ಧದಾಗ ಬೀಚರ್ ಅನ್ನೂ ಡಾಕ್ಟರು ಇಟಲಿಯ ರಣರಂಗದಾಗ ಭಾಳ ದೊಡ್ಡ ಗಾಯ ಆದ ಸಿಪಾಯಿಗಳನ್ನ ಕೇಳಿದ್ರ, ಅವರಾಗ ಹೆಚ್ಚಿನವರು ನೋವಿನ ಔಷಧನ ಬ್ಯಾಡ ಅಂದಿದ್ರು. ಅವರ ಗಾಯ ಖರೇ ಇತ್ತು. ಆದ್ರ ಅವರ ಪಾಲಿಗೆ ಆ ಗಾಯ ಅಂದ್ರ ಯುದ್ಧದಿಂದ ಪಾರಾಗಿ ಜೀವಂತ ಮನಿಗಿ ಹೋಗೂ ದಾರಿ. ಗಾಯಕ್ಕ ಮನಸು ಕೊಟ್ಟ ಅರ್ಥ ಬ್ಯಾರೆ ಇತ್ತು. ನಿಮ್ಮ ಬ್ಯಾನಿಗೆ ನಿಮ್ಮ ಮನಸು ಏನು ಅರ್ಥ ಕೊಟ್ಟೈತಿ? ಮಳಿಗಾಲದಾಗ ಬ್ಯಾನಿ ಹೆಚ್ಚಾಗತೈತೇನು? ಮಳಿ ಸುರು ಆದ ರಾತ್ರಿ ಏನಾಗತೈತಿ ಹೇಳ್ರಿ.

ಕಾಕಾ: ಥಂಡಿಗೆ ಟೊಂಕ ಹಿಡೀತೈತಿ. ಎಲ್ಲಾರಿಗೂ ಆಗೂದ ಅದು.

ಮಗಳು: ಬ್ಯಾಸಗಿ ಮಳಿಗೂ ಹಿಡೀತೈತೇನು?

ಕಾಕಾ: ಇಲ್ಲ. ಶ್ರಾವಣದ ಮಳಿಗೆ. ಪತ್ರಾದ ಮ್ಯಾಲ ಸಪ್ಪಳ ಜೋರಾತಂದ್ರ ಎದ್ದು ಕೂಡತೀನಿ. ಹೊಳಿ ಎಷ್ಟು ಏರೈತಿ, ಡ್ಯಾಮಿನಿಂದ ಎಷ್ಟು ಬಿಟ್ಟಾರ ಅಂತ ಮೊಮ್ಮಗನ ಮೊಬೈಲಿನ್ಯಾಗ ಕೇಳ್ತೀನಿ. ಹಲ್ಲ ಕಚ್ಚಿರತೀನಿ. ಬೆಳತನಕ ನಿದ್ದಿ ಇಲ್ಲ. ಮುಂಜಾನೆ ಟೊಂಕ ಕಲ್ಲಾಗಿರತೈತಿ.

ಮಗಳು: ಈಗ ನೀವ ನಿಮ್ಮ ಬ್ಯಾನಿಯ ನಕಾಶಿ ಬರದ್ರಿ. ಆ ರಾತ್ರಿ ಹೊಳಿ, ಚೀಲ, ಅಂಜಿಕಿ, ಟೊಂಕ ಎಲ್ಲಾ ಒಂದ ಗಂಟಿನ್ಯಾಗ ಕಟ್ಟಿ ಹೋಗ್ಯಾವ. ಮಳಿ ಸಪ್ಪಳ ಆದ್ರ ಸಾಕು, ಮೈ ಮತ್ತ ಆ ಚೀಲ ಎತ್ತಾಕ ತಯಾರಾಗತೈತಿ. ಸ್ನಾಯು ಬಿಗೀತಾವ, ನಿದ್ದಿ ಹೋಗತೈತಿ, ಮುಂಜಾನೆ ಬ್ಯಾನಿ ಏರತೈತಿ, ಬ್ಯಾನಿ ಏರಿತು ಅಂದ್ರ ಹಾಸಗಿ ಹಿಡೀತೀನಿ ಅನ್ನೂ ವಿಚಾರ ಬರತೈತಿ, ಆ ವಿಚಾರಕ್ಕ ನೀವು ಹೊಲಕ್ಕ ಹೋಗೂದಿಲ್ಲ, ಹೋಗಲಾರದ್ದಕ್ಕ ಟೊಂಕದ ಬಲ ಇನ್ನಷ್ಟು ಕಡಿಮಿ. ಥಂಡೀದೂ ಏನರ ಪಾಲು ಇದ್ದೀತು, ಇಲ್ಲ ಅನ್ನೂದಿಲ್ಲ. ಆದ್ರ ಈ ಸುತ್ತಿನ್ಯಾಗ ಎಲ್ಲಿ ಕೈ ಹಾಕಿದ್ರ ಸುತ್ತು ಸಡಲ ಆದೀತು ಅಂತ ಇಬ್ಬರೂ ಕುಂತು ಹುಡುಕೂದು, ಅದ ನಾವು ಮಾಡೂ ಚಿಕಿತ್ಸಾ. ವಾರಕ್ಕ ಒಂದು ಸಲ, ಒಂದು ತಾಸು, ಒಟ್ಟು ಎಂಟೋ ಹತ್ತೋ ವಾರ. ಉಳದ ಕೆಲಸ ಎಲ್ಲಾ ನೀವು ಮನ್ಯಾಗ, ಹೊಲದಾಗ ಮಾಡೂದು.

ಕಾಕಾ: ಹೊಳಿ ಬರೂದಿಲ್ಲ ಅಂತ ಮನಸಿಗೆ ಹೇಳ್ಕೋ ಅಂತೀ ಹಂಗಾರ.

ಮಗಳು: ಅನ್ನೂದಿಲ್ಲ. ಹೊಳಿ ಬಂದಾವ, ಮತ್ತ ಬಂದಾವು. ಸುಳ್ಳ ಸಮಾಧಾನಕ್ಕ ಈ ಚಿಕಿತ್ಸಾದಾಗ ಜಾಗಾ ಇಲ್ಲ. 1960ರ ಸುಮಾರಿಗೆ ಅಮೆರಿಕಾದಾಗ ಆರನ್ ಬೆಕ್ ಅನ್ನೂ ಮನೋವೈದ್ಯರು ಖಿನ್ನತೆ ಇದ್ದವರ ಕೂಡ ಕೆಲಸ ಮಾಡೂಮುಂದ ಒಂದು ಕಂಡುಕೊಂಡ್ರು. ದುಃಖದಾಗ ಇದ್ದವರಿಗೆ ಕೆಲವು ವಿಚಾರ ತಾವಾಗೇ ಬರತಾವ, ಎಷ್ಟು ಲಗೂನ ಬರತಾವ ಅಂದ್ರ ಅವು ವಿಚಾರ ಅನ್ನೂದ ಗೊತ್ತಾಗೂದಿಲ್ಲ, ಖರೇ ಸಂಗತಿ ಅನಸತೈತಿ. ಅವನ್ನ ಹಿಡದು ನಿಲ್ಲಿಸಿ, ಇದಕ್ಕ ಪುರಾವೆ ಏನು ಅಂತ ಕೇಳೂದನ್ನ ಅವರು ಕಲಿಸಿದ್ರು. ಮುಂದ ಟರ್ಕ್, ಮೈಕೆನ್‌ಬಾಮ್ ಮತ್ತ ಅವರ ಜೋಡೀದಾರ ಅದನ್ನ ನೋವಿಗೆ ಹೊಂದಿಸಿ 1983ರಾಗ ದೊಡ್ಡ ಪುಸ್ತಕ ಬರದ್ರು. ನಿಮ್ಮ ವಿಚಾರನ ತಗೋರಿ: ಹಾಸಗಿ ಹಿಡೀತೀನಿ. ಪುರಾವೆ?

ಕಾಕಾ: ಓಣ್ಯಾಗಿನ ಆ ಮನಶ್ಯಾ.

ಮಗಳು: ಅವರಿಗೆ ಏನಾಗಿತ್ತು?

ಕಾಕಾ: ಲಕವಾ ಹೊಡದಿತ್ತು... ಅದು ಬ್ಯಾರೇನ ಹೌದಲ್ಲ.

ಮಗಳು: ಇಷ್ಟು ವರ್ಷದಾಗ ಬ್ಯಾನಿ ಭಾಳ ಏರಿದ ಸಲ ಎಷ್ಟೋ ಇದ್ದಾವು. ಅವುಗಳಾಗ ಯಾವುದರ ಇಳೀಲಾರದ ಉಳದೈತೇನು?

ಕಾಕಾ: ನಾಕ ದಿನಕ್ಕ ಇಳೀತೈತಿ. ಒಮ್ಮೆ ಹದಿನೈದು ದಿನ ಹಿಡೀತು.

ಮಗಳು: ಹಂಗಾರ ಆ ವಿಚಾರದ ಜಾಗಾದಾಗ ಯಾವ ಮಾತು ಖರೇ ಆದೀತು? ನಾ ಹೇಳೂದಿಲ್ಲ, ನೀವ ಹೇಳ್ರಿ.

ಕಾಕಾ: ಬ್ಯಾನಿ ಏರೈತಿ. ಭಾಳ ಆಗಾಕತ್ತೈತಿ. ಹಿಂದೂ ಏರಿತ್ತು, ಇಳದಿತ್ತು. ಕಾಲಾಗ ಬಲ ಐತಿ.

ಮಗಳು: ಅಷ್ಟ ಸಾಕು. ಇದರಾಗ ಸಿಹಿ ಮಾತು ಒಂದೂ ಇಲ್ಲ, ಎಲ್ಲಾ ನೀವು ಕಂಡದ್ದು. ಬ್ಯಾನಿ ಬಂದಾಗೆಲ್ಲಾ ತಲಿಯೊಳಗ ಓಡಿದ ಮಾತನ್ನ ಬರದು, ಬಾಜೂಕ ಈ ತರದ ಮಾತು ಬರೀಬೇಕು. ಬರಿಯಾಕ ಬ್ಯಾಸರ ಆದ್ರ ಮೊಮ್ಮಗನ ಮೊಬೈಲಿನ್ಯಾಗ ಮಾತಾಡಿ ಇಡ್ರಿ. ಮೊದಲ ಎರಡ ವಾರ ಏನೂ ಬದಲಾಗಿಲ್ಲ ಅನಸತೈತಿ, ಬಿಡಬ್ಯಾಡ್ರಿ.

ಕಾಕಾ: ವಿಚಾರದ ಮಾತಾತು. ಕೆಲಸದ್ದು ಹೇಳು. ಬ್ಯಾನಿ ಕಡಿಮಿ ಇದ್ದ ದಿನ ನಾ ಸುಮ್ಮ ಕೂಡಾಕ ಆಗೂದಿಲ್ಲ. ಉಳದ ದಗದ ಎಲ್ಲಾ ಅವತ್ತ ಮುಗಸತೀನಿ. ಕಳೇ ತಗೀತೀನಿ, ಬದುವು ಕಟ್ಟತೀನಿ, ಎತ್ತಿಗೆ ಮೇವು ತರತೀನಿ. ಮರುದಿನ ಏಳಾಕ ಬರೂದಿಲ್ಲ.

ಮಗಳು: ನನ್ನ ಕಡೆ ಬರೂ ರೈತರು ಹೆಚ್ಚಿಗಿ ಇದನ್ನ ಹೇಳ್ತಾರ. ಒಂದಿನ ಎಲ್ಲಾ, ಮೂರ ದಿನ ಏನೂ ಇಲ್ಲ. ತಿಂಗಳಾ ಮುಗದು ಲೆಕ್ಕಾ ಹಾಕಿದ್ರ ಮಾಡಿದ ಕೆಲಸ ವರ್ಷದಿಂದ ವರ್ಷಕ್ಕ ಕಡಿಮಿ. ಅಮೆರಿಕಾದ ಸಿಯಾಟಲ್ಲಿನ ಫೋರ್ಡೈಸ್ ಅನ್ನೂ ಮನೋವಿಜ್ಞಾನಿ 1968ರ ಸುಮಾರಿಗೆ ಇದನ್ನ ಮೊದಲ ಗಟ್ಟಿಯಾಗಿ ಹಿಡದ್ರು. ಬ್ಯಾನಿ ಬಂದಾಗ ಮಲಗಿದ್ರ ಮೈ ಏನು ಕಲೀತೈತಿ? ಬ್ಯಾನಿ ಬಂದ್ರ ವಿಶ್ರಾಂತಿ ಸಿಗತೈತಿ ಅಂತ ಕಲೀತೈತಿ. ಅದಕ್ಕ ಅವರು ವಿಶ್ರಾಂತಿಯನ್ನ ಬ್ಯಾನಿಯಿಂದ ಬಿಡಿಸಿ ಗಡಿಯಾರಕ್ಕ ಕಟ್ಟಿದ್ರು. ನಿಮಗ ಹೇಳೂದಾದ್ರ, ಒಂದು ವಾರ ಕಳೇ ತಗಿಯೂಮುಂದ ಬ್ಯಾನಿ ಏರೂತನಕ ಎಷ್ಟು ಹೊತ್ತು ಆಗತೈತಿ ನೋಡ್ರಿ. ಒಂದಿನ 20 ನಿಮಿಷ, ಒಂದಿನ 30, ಸರಾಸರಿ 25 ಅಂತ ಇಟ್ಟುಕೊಳ್ಳೂಣು. ನೀವು 20ಕ್ಕ ನಿಲ್ಲಸಬೇಕು. ಬ್ಯಾನಿ ಇರಲಿ ಇಲ್ಲದಿರಲಿ, ನಿಲ್ಲಸಬೇಕು. ಹತ್ತು ನಿಮಿಷ ಬ್ಯಾರೆ ಹಗರ ಕೆಲಸ ಮಾಡಿ ಮತ್ತ 20 ನಿಮಿಷ. ವಾರಕ್ಕ ಎರಡು ಮೂರು ನಿಮಿಷ ಏರಸೂದು. ಬ್ಯಾನಿ ಇದ್ದ ದಿನಾನೂ ಅಷ್ಟ, ಇಲ್ಲದ ದಿನಾನೂ ಅಷ್ಟ. ಆರಾಮ ಇದ್ದ ದಿನ ನಿಲ್ಲಸೂದ ಎಲ್ಲಾದಕ್ಕಿಂತ ತ್ರಾಸಿನ ಕೆಲಸ.

ಕಾಕಾ: ನಿನ್ನ ಸಿಯಾಟಲ್ಲಿನ ಡಾಕ್ಟರಿಗೆ ನಮ್ಮ ಕರೆಂಟ್ ಗೊತ್ತಿಲ್ಲ. ತ್ರೀ-ಫೇಸ್ ಒಂದು ವಾರ ಹಗಲ ಇದ್ರ ಒಂದು ವಾರ ರಾತ್ರಿ. ನಡುರಾತ್ರಿ ಎದ್ದು ಪಂಪ್ ಚಾಲೂ ಮಾಡಿ, ಕಬ್ಬಿನ ಸಾಲಿನ್ಯಾಗ ಬ್ಯಾಟರಿ ಹಿಡಕೊಂಡು ನೀರು ತಿರುವಬೇಕು. 20 ನಿಮಿಷ ಆತು ಅಂತ ಗುದ್ದಲಿ ಒಗದು ಕುಂತ್ರ ನೀರು ಬ್ಯಾರೇದವರ ಹೊಲಕ್ಕ ಹರೀತೈತಿ. ಕಬ್ಬು ಕಡಿಯೂ ಗ್ಯಾಂಗಿನವರ ಕತಿ ಇನ್ನೂ ಬ್ಯಾರೆ. ಟನ್ನಿಗಿಷ್ಟು ಅಂತ ಅವರ ದುಡಿಮಿ. ಅವರಿಗೆ ನಿಂದರಸು ಅಂದ್ರ ಅವತ್ತಿನ ಕೂಲಿ ಹೋತು.

ಮಗಳು: ಇಲ್ಲೇ ನಿಮ್ಮ ಮಾತು ಹೆಚ್ಚು, ಪುಸ್ತಕದ ಮಾತು ಕಡಿಮಿ. ಪುಸ್ತಕ ಬರದವರು ಸಂಬಳದ ಮಂದೀನ್ನ, ರಜಾ ಇದ್ದವರನ್ನ ನೋಡಿ ಬರದಾರ. ಹಗಲ ಕರೆಂಟ್ ಕೊಟ್ರ ಇಲ್ಲಿ ಎಷ್ಟೋ ಮಂದಿಯ ನಿದ್ದಿ ಉಳೀತೈತಿ, ಟೊಂಕ ಉಳೀತೈತಿ. ಅದನ್ನ ಮಾತಿನ ಚಿಕಿತ್ಸಾದಿಂದ ತುಂಬಾಕ ಬರೂದಿಲ್ಲ, ತುಂಬತೀನಿ ಅಂತ ನಾ ಹೇಳಿದ್ರ ಅದು ಅನ್ಯಾಯದ ಮಾತಾದೀತು. ಕೂಲಿಯವರ ಬ್ಯಾನಿಗೆ ಕೂಲಿಯ ಲೆಕ್ಕಾನ ಬದಲಾಗಬೇಕು. ಆದ್ರ ನಿಮ್ಮ ಹೊಲದಾಗ, ನಿಮ್ಮ ಕೈಯಾಗ ಇದ್ದಷ್ಟರಾಗ ನೋಡೂಣು. ರಾತ್ರಿ ಪಾಳಿ ಇದ್ದ ವಾರ ಹಗಲ ಬಗ್ಗೂ ಕೆಲಸ ಇಟ್ಕೋಬ್ಯಾಡ್ರಿ. ಬಾಜೂ ಹೊಲದವರ ಕೂಡ ಮಾತಾಡಿ ಒಂದಿನ ಅವರು, ಒಂದಿನ ನೀವು ನೀರು ನೋಡೂದಾಗತೈತೇನು?

ಕಾಕಾ: ಆಗತೈತಿ. ಹಿಂದ ಹಂಗ ಮಾಡತಿದ್ವಿ. ನನಗ ಬ್ಯಾನಿ ಸುರು ಆದ ಮ್ಯಾಲ ಕೇಳಾಕ ನಾಚಿಕಿ ಆಗಿ ಬಿಟ್ಟೆ. ಕೈಲಾಗದಾಂವ ಅಂದಾರು.

ಮಗಳು: ಅದನ್ನೂ ಬರೀರಿ. ಅದೂ ಒಂದು ವಿಚಾರನ, ಅದಕ್ಕೂ ಪುರಾವೆ ಕೇಳಬೇಕು. ಹೋಗಿ ಕೇಳಿದ್ರ ಗೊತ್ತಾಗತೈತಿ ಅವರು ಏನಂತಾರ ಅಂತ. ನಮ್ಮ ಚಿಕಿತ್ಸಾದಾಗ ಅರ್ಧ ಪರೀಕ್ಷಾ ತಲಿಯೊಳಗ ಆಗೂದಲ್ಲ, ಹೊರಗ ಹೋಗಿ ಮಾಡಿ ನೋಡೂದು. ಬಗ್ಗೂದೂ ಹಂಗ. ಬಗ್ಗಿದ್ರ ಮಣಿ ಸರೀತೈತಿ ಅಂತ ಇಷ್ಟು ದಿನ ನಂಬೀರಿ. ನಾಳೆ ಒಂದು ಖಾಲಿ ಬುಟ್ಟಿ ಎತ್ತಿ ನೋಡ್ರಿ, ನಾಡದ ಒಂದಿಷ್ಟು ಹುಲ್ಲು ಹಾಕಿ ಎತ್ತಿ ನೋಡ್ರಿ. ಅಂಜಿಕಿ ಅನ್ನೂದು ಮಾತಿಗಿಂತ ಕೈಯಿಂದ ಮಾಡಿದ ಕೆಲಸಕ್ಕ ಹೆಚ್ಚು ಸೋಲತೈತಿ, ನಾ ದಿನಾ ಕಾಣೂದಿದು. ನಿದ್ದಿಯದಂದ್ರ, ರಾತ್ರಿ ಯಾವಾಗ ಮಲಗಿದ್ರೂ ಮುಂಜಾನೆ ಏಳೂ ಹೊತ್ತು ಒಂದ ಇರಲಿ. ಎಚ್ಚರ ಇದ್ದಾಗ ಹಾಸಗ್ಯಾಗ ಹೊರಳಾಡಬ್ಯಾಡ್ರಿ, ಎದ್ದು ಕೂಡ್ರಿ. ಮಳಿ ಸಪ್ಪಳ ಆದಾಗ ಹಲ್ಲ ಕಚ್ಚೂ ಬದಲಿ, ಹೊಟ್ಟಿ ಏರಿ ಇಳಿಯೂಹಂಗ ಸಾವಕಾಶ ಉಸರ ಬಿಟ್ಟು, ಮುಷ್ಟಿ ಬಿಗಿದು ಸಡಲಿಸಿ, ಭುಜ ಬಿಗಿದು ಸಡಲಿಸಿ, ಹಂಗ ಮೈ ಪೂರ್ತಿ. ಹೋಗೂಕಿಂತ ಮೊದಲ ಅದನ್ನ ಮಾಡಿ ತೋರಸತೀನಿ.

ಕಾಕಾ: ಬ್ಯಾನಿ ಗುಳಗಿ ಬಿಟ್ಟುಬಿಡ್ಲೇನು? ದಿನಾ ಎರಡು ನುಂಗತೀನಿ. ಮೆಡಿಕಲ್‌ನಾಂವ ಚೀಟಿ ಕೇಳೂದಿಲ್ಲ.

ಮಗಳು: ಎಷ್ಟು ದಿನದಿಂದ? ನಿಮಗ ಬಿಪಿ ಐತಲ್ಲ! ಆ ಗುಳಗಿ ದಿನಾ ನುಂಗಿದ್ರ ಬಿಪಿ ಏರಬಹುದು, ಹೊಟ್ಟ್ಯಾಗ ಹುಣ್ಣ ಆಗಬಹುದು, ಮೂತ್ರಪಿಂಡ ಕೆಡಬಹುದು. ನಾ ಹೇಳಿದೆ ಅಂತ ಒಮ್ಮೆಲೆ ಏನೂ ಬಿಡಬ್ಯಾಡ್ರಿ, ಏನೂ ಬದಲಿ ಮಾಡಬ್ಯಾಡ್ರಿ. ಗುಳಗಿ ಪಾಕೀಟು ಎಲ್ಲಾ ತಗೊಂಡು ಡಾಕ್ಟರ ಕಡೆ ಹೋಗ್ರಿ, ರಕ್ತ ಪರೀಕ್ಷಾ ಮಾಡಿಸ್ರಿ. ಇದನ್ನ ಮಾತ್ರ ಮುಂದ ಹಾಕಬ್ಯಾಡ್ರಿ.

ಕಾಕಾ: ಇಷ್ಟೆಲ್ಲಾ ಮಾಡಿದ್ರ ಬ್ಯಾನಿ ಪೂರ್ತಿ ಹೋಗತೈತಿ?

ಮಗಳು: ಹೋಗತೈತಿ ಅಂತ ನಾ ಮಾತು ಕೊಡೂದಿಲ್ಲ. 2020ರಾಗ ಕಾಕ್ರೇನ್ ಅನ್ನೂ ಸಂಸ್ಥೆಯವರು ಇಂಥ ಚಿಕಿತ್ಸಾದ 75 ಅಧ್ಯಯನ, 9,401 ಮಂದಿಯ ಮಾಹಿತಿ ಒಟ್ಟುಗೂಡಿಸಿ ತೂಗಿ ನೋಡಿದ್ರು. ಸರಾಸರಿ ಲಾಭ ಸಣ್ಣದು ಅಂತ ಬಂತು. ಬ್ಯಾನಿಯೊಳಗ ಒಂದೀಟು, ಕೆಲಸ ಮಾಡೂ ಶಕ್ತಿಯೊಳಗ ಒಂದೀಟು, ಮನಸಿನ ಸಂಕಟದಾಗ ಒಂದೀಟು. ಸಣ್ಣದಾದ್ರೂ ಇಲ್ಲದ್ದಲ್ಲ. ಸರಾಸರಿ ಅಂದ ಮ್ಯಾಲ ಅದರಾಗ ಭಾಳ ಲಾಭ ಆದವರೂ ಇರತಾರ, ಏನೂ ಆಗಲಾರದವರೂ ಇರತಾರ. ಬ್ಯಾನಿ ಎಷ್ಟು ಕಡಿಮಿ ಆತು ಅಂತ ನಾ ಮೊದಲ ಕೇಳೂದಿಲ್ಲ. ಬ್ಯಾನಿ ನಿಮ್ಮಿಂದ ಏನೇನು ಕಸಗೊಂಡಿತ್ತು, ಅದರಾಗ ಯಾವುದು ತಿರುಗಿ ಬಂತು ಅಂತ ಕೇಳ್ತೀನಿ. ಪಾರಿಜಾತ ನೋಡಾಕ ಹೋಗೂದು, ಬಾಜೂ ಹೊಲದವರ ಕೂಡ ಪಾಳಿ ಹಂಚಿಕೊಳ್ಳೂದು, ಶ್ರಾವಣದಾಗ ನಾಕ ತಾಸು ನಿದ್ದಿ. ಬ್ಯಾನಿ ಇದ್ದಕೊಂತನ ಇವು ಬಂದಾವು. ಇಷ್ಟು ವರ್ಷ ನೀವು ಬ್ಯಾನಿ ಹೋಗಲಿ, ಆಮ್ಯಾಲ ಬದುಕತೀನಿ ಅಂತ ಕಾದೀರಿ. ಆ ಕಾಯೂದನ್ನ ಬಿಡಸಾಕ ಬಂದೀನಿ ನಾ.

ಕಾಕಾ: ...ನಿಜ ಐತಿ. ಕಾದದ್ದ ಆತು. ಆದ್ರ ಇದಕ್ಕ ಎಲ್ಲಿ ಹೋಗಬೇಕು? ನೀ ನಾಡದ ಹೋಗಾಕಿ. ಧಾರವಾಡಕ್ಕ ಹೋಗು ಅಂದ್ರ ಊರಾಗ ಏನಂತಾರ ಗೊತ್ತೈತಿಲ್ಲ?

ಮಗಳು: ಗೊತ್ತೈತ್ರಿ. ಈ ಭಾಗದಾಗ ಜಗಳಾ ಆದ್ರ ಸಾಕು, ಇವನ್ನ ಧಾರವಾಡಕ್ಕ ಕಳಸಬೇಕು ಅಂತಾರ. 1845ರಾಗ ಬ್ರಿಟಿಷರ ಕಾಲಕ್ಕ ಅಲ್ಲಿ ಸುರು ಆದ ಮಾನಸಿಕ ರೋಗದ ದವಾಖಾನಿ ಅದು, ಈಗಿನ ಡಿಮ್ಹಾನ್ಸ್. ಊರ ಹೆಸರನ್ನ ಬೈಗಳ ಮಾಡಿ ಎಷ್ಟು ಮಂದೀನ್ನ ಚಿಕಿತ್ಸಾದಿಂದ ದೂರ ಇಟ್ಟೀವಿ ಅಂತ ನೆನದ್ರ ನನಗ ಸಂಕಟ ಆಗತೈತಿ. ಅಷ್ಟು ದೂರ ಮೊದಲ ಹೋಗೂದೂ ಬೇಕಾಗಿಲ್ಲ. ತಾಲೂಕ ದವಾಖಾನ್ಯಾಗ ಮಂಗಳವಾರ ಮನೋವೈದ್ಯರು ಬರೂ ಮನೋಚೈತನ್ಯ ಅನ್ನೂ ಯೋಜನಾ 2014ರಿಂದ ರಾಜ್ಯದಾಗ ಐತಿ. ಯಾವ ಮಂಗಳವಾರ ಬರತಾರ ಅಂತ ಕೇಳಕೊಂಡು ಹೋಗ್ರಿ. 14416ಕ್ಕ ಫೋನ್ ಹಚ್ಚಿದ್ರ ಟೆಲಿಮಾನಸ್ ಅಂತ ಐತಿ, ಹಗಲೂ ರಾತ್ರಿ, ಕನ್ನಡದಾಗ, ಪುಕ್ಕಟ. ಅಲ್ಲಿ ಪೂರ್ತಿ ಚಿಕಿತ್ಸಾ ಸಿಗೂದಿಲ್ಲ. ಮುಂದಿನ ದಾರಿ ಕೇಳಬಹುದು, ಮಳಿ ರಾತ್ರಿ ಒಬ್ಬರೇ ಎಚ್ಚರ ಕುಂತಾಗ ಮಾತಾಡಬಹುದು.

ಕಾಕಾ: ನಿನ್ನಂಥವರು ಊರಿಗೊಬ್ಬರು ಬೇಕಲ್ಲ.

ಮಗಳು: ಊರಿಗೊಬ್ಬರು ಮನೋವಿಜ್ಞಾನಿ ಸದ್ಯಕ್ಕಂತೂ ಬರೂದಿಲ್ಲ. ಆದ್ರ ಕಲಿಸಿದ್ರ ಬ್ಯಾರೇದವರೂ ಮಾಡತಾರ. ಬೆಂಗಳೂರಿನ ನಿಮ್ಹಾನ್ಸಿನವರು 1985ರಿಂದ ಬಳ್ಳಾರಿ ಜಿಲ್ಲಾದಾಗ ಹಳ್ಳಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ಉಪಚಾರ ಮಾಡೂದು ಕಲಿಸಿದ್ರು. ಅದನ್ನ ನೋಡಿನ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಾಗ ಹುಟ್ಟಿತು. ನಮ್ಮ ಬಾಜೂಕಿನ ಗೋವಾದಾಗ ಸಂಗಾತ್ ಸಂಸ್ಥೆಯವರು ಡಾಕ್ಟರ್ ಅಲ್ಲಾರದ ಸಾಮಾನ್ಯ ಮಂದಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಾಗನ ಖಿನ್ನತೆಗೆ ಆರೆಂಟು ಬೈಠಕ್ಕಿನ ಮಾತಿನ ಚಿಕಿತ್ಸಾ ಕೊಡಿಸಿ, ಅದರ ಗುಣ 2017ರಾಗ ಲ್ಯಾನ್ಸೆಟ್ ಪತ್ರಿಕೆಯೊಳಗ ತೋರಿಸಿದ್ರು. ಅದು ಖಿನ್ನತೆಯ ಚಿಕಿತ್ಸಾ, ನೋವಿಂದಲ್ಲ. ಆದ್ರೂ ಇಲ್ಲಿನ ಆಶಾ ಕಾರ್ಯಕರ್ತೆಯರಿಗೆ, ಫಿಸಿಯೋಥೆರಪಿಯವರಿಗೆ ಟೊಂಕಬ್ಯಾನಿಯ ಈ ಕೆಲಸ ಕಲಸಾಕ ಯಾಕ ಆಗಬಾರದು? ಆಶಾದವರಿಗೆ ಹೆಚ್ಚಿನ ಕೆಲಸಕ್ಕ ಹೆಚ್ಚಿನ ಪಗಾರಾನೂ ಕೊಡಬೇಕು, ಅದು ಬ್ಯಾರೆ ಮಾತಲ್ಲ.

ಕಾಕಾ: ಚಿಗವ್ವ ನನ್ನ ಟೊಂಕಕ್ಕ ದಿನಾ ಎಣ್ಣಿ ಹಚ್ಚತಾಳ. ಅದು ನಡೀತೈತಲ್ಲ?

ಮಗಳು: ನಡೀತೈತಿ. ಆದ್ರ ಹೊತ್ತು ಗೊತ್ತುಮಾಡಿಕೊಳ್ರಿ. ನೀವು ಅಯ್ಯೋ ಅಂದಾಗೆಲ್ಲಾ ಅಕಿ ಓಡಿ ಬಂದ್ರ, ಮನಿ ಪೂರ್ತಿ ಬ್ಯಾನಿ ಸುತ್ತಲೇ ತಿರಗತೈತಿ. ಆರಾಮ ಇದ್ದಾಗ ಇಬ್ಬರೂ ಕುಂತು ಮಾತಾಡ್ರಿ, ನಡದಾಡಿ ಬರ್ರಿ. ಮತ್ತೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಚಿಗವ್ವನ ಮೊಣಕಾಲು ಎಷ್ಟು ದಿನದಿಂದ ಬ್ಯಾನಿ ಆಗಾಕತ್ತಾವ?

ಕಾಕಾ: ಅಕಿ ಹೇಳೂದಿಲ್ಲ.

ಮಗಳು: ರೊಟ್ಟಿ ಬಡದು ಏಳೂಮುಂದ ಗ್ವಾಡಿ ಹಿಡದು ಏಳತಾಳ. ನಿನ್ನೆ ನೀರಿನ ಕೊಡ ಇಳಿಸಿ ಎರಡ ಸಲ ನಿಂತ್ಲು. ನಿಮ್ಮ ಬ್ಯಾನಿ ಊರಿಗೆಲ್ಲಾ ಗೊತ್ತೈತಿ, ಅಕಿ ಬ್ಯಾನಿ ಈ ಮನ್ಯಾಗನ ಯಾರಿಗೂ ಗೊತ್ತಿಲ್ಲ. ಹೆಣ್ಣಮಕ್ಕಳು ಸೋಸಿಕೊಂಡು ಹೋಗೂದನ್ನ ನಾವು ಗುಣ ಅಂತ ಹೊಗಳತೀವಿ, ಹೊಗಳಿ ಹೊಗಳಿ ಅವರು ದವಾಖಾನಿ ಮೆಟ್ಟಲ ಹತ್ತಲಾರದಂಗ ಮಾಡೀವಿ. ಅಕಿಗೆ 20 ನಿಮಿಷಕ್ಕ ನಿಲ್ಲಸು ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ, ಯಾಕಂದ್ರ ಅಕಿ ನಿಲ್ಲಿಸಿದ್ರ ಆ ಕೆಲಸ ಹಿಡಿಯೂ ಇನ್ನೊಂದು ಕೈ ಈ ಮನ್ಯಾಗ ಇಲ್ಲ.

ಕಾಕಾ: ನೀರಿನ ಕೊಡ ನಾ ತರಬಹುದೇನು? ಭಾರ ಎತ್ತಬ್ಯಾಡ ಅಂದಾರಲ್ಲ.

ಮಗಳು: ಸಣ್ಣ ಕೊಡದಿಂದ ಸುರು ಮಾಡ್ರಿ. ಅರ್ಧ ತುಂಬಿದ್ದು, ಮೈ ಹತ್ರ ಹಿಡಕೊಂಡು. ಒಂದು ವಾರ ಅಷ್ಟ. ಅದನ್ನೂ ನಿಮ್ಮ ಲೆಕ್ಕದಾಗ ಬರೀರಿ, ಕಳೇ ತಗದಂಗ ಅದೂ ಒಂದು ಕೆಲಸನ.

ಕಾಕಾ: ಮಂಗಳವಾರ ಗೋಕಾಕಕ್ಕ ಹೋಗತೀನಿ ಹಂಗಾರ. ಗುಳಗಿ ಪಾಕೀಟು, ಆ ಚಿತ್ರ, ಎಲ್ಲಾ ತಗೊಂಡು.

ಮಗಳು: ಇಬ್ಬರೂ ಹೋಗ್ರಿ. ಚಿಗವ್ವನ ಹೆಸರಿಲೆ ಇನ್ನೊಂದು ಚೀಟಿ ಮಾಡಸ್ರಿ, ಎಲುಬಿನ ಡಾಕ್ಟರಿಗೆ. ಬ್ಯಾಡ ಅಂತಾಳ, ಬಿಡಬ್ಯಾಡ್ರಿ.